ಟೇಬಲ್, ಶೆಲ್ಫ್, ವಾರ್ಡ್‌ರೋಬ್: ಎಲ್ಲಿಗೆ ಯಾವ ಗಾಜು?

ಊಟದ ಟೇಬಲ್, ಪುಸ್ತಕದ ಶೆಲ್ಫ್, ವಾರ್ಡ್‌ರೋಬ್ ಬಾಗಿಲು, ಮೂರಕ್ಕೂ ಗಾಜು ಹಾಕಿಸಬೇಕು, ಟಫನ್ಡ್ ತಗೊಳ್ಳೋದಾ ಫ್ರಾಸ್ಟೆಡ್ ತಗೊಳ್ಳೋದಾ ಅಂತ ಕೇಳಿದ್ದೀರಿ. ನಾನು ಫರ್ನಿಚರ್ ಮಾಡುವವನು. ಮೊದಲು ಒಂದು ಮಾತು: ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಿಲ್ಲ. ಟಫನ್ಡ್ ಅನ್ನೋದು ಗಾಜಿನ ಗಟ್ಟಿತನದ ಮಾತು. ಫ್ರಾಸ್ಟೆಡ್ ಅನ್ನೋದು ಅದರ ಮೈಯ ಮಾತು, ಅಂದರೆ ಆಚೆಗಿರುವುದು ಮಸುಕಾಗಿ ಕಾಣುವಂತೆ ಮಾಡಿದ ಮೈ. ಒಂದೇ ಗಾಜು ಎರಡೂ ಆಗಿರಬಹುದು. ಅಂದ ಚೆಂದ ಆಮೇಲೆ ನೋಡೋಣ. ಈ ಗಾಜು ಒಡೆದರೆ ಚೂರು ಯಾರ ಮೇಲೆ ಬೀಳುತ್ತದೆ? ಪ್ರತಿ ಜಾಗಕ್ಕೂ ಮೊದಲು ಇದನ್ನು ಕೇಳಿಕೊಳ್ಳಿ.

ಅಂಗಡಿಯಲ್ಲಿ ಪ್ಲೇನ್ ಗ್ಲಾಸ್ ಅಂತ ಕೊಡುವುದು ಸಾಮಾನ್ಯವಾಗಿ ಫ್ಲೋಟ್ ಗ್ಲಾಸ್. ಕರಗಿದ ತವರದ ಮೇಲೆ ಕರಗಿದ ಗಾಜನ್ನು ಹರಿಸಿ ತಯಾರಿಸುತ್ತಾರೆ, ಅದಕ್ಕೇ ಎರಡೂ ಬದಿ ಅಷ್ಟು ನುಣುಪು. ಒಡೆದರೆ ಮಾತ್ರ ಉದ್ದುದ್ದ, ಚೂಪು ಚೂಪು ತುಂಡುಗಳಾಗುತ್ತವೆ. ಅದೇ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ಥಟ್ಟನೆ ತಣ್ಣಗೆ ಮಾಡಿದರೆ ಟಫನ್ಡ್ ಆಗುತ್ತದೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಕುಗ್ಗುತ್ತಾ ಹೊರಮೈಯನ್ನು ಒತ್ತಿ ಹಿಡಿಯುತ್ತದೆ. ಅದರ ಬಲವೆಲ್ಲ ಆ ಒತ್ತಡದಲ್ಲೇ ಇರುವುದು. ಪ್ಲೇನ್ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೂ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ.

ಹಾಗಾಗಿ ಊಟದ ಟೇಬಲ್‌ಗೆ ಟಫನ್ಡ್ ಬಿಟ್ಟು ಬೇರೆ ಯೋಚನೆಯೇ ಬೇಡ. ಬಿಸಿ ಪಾತ್ರೆ ಇಡುತ್ತೀರಿ, ಮಕ್ಕಳು ಕೈಯೂರಿ ಹತ್ತುತ್ತಾರೆ. ಪ್ಲೇನ್ ಗಾಜಿನ ಒಂದು ಭಾಗ ಇನ್ನೊಂದು ಭಾಗಕ್ಕಿಂತ 40 ಡಿಗ್ರಿಯಷ್ಟು ಜಾಸ್ತಿ ಬಿಸಿಯಾದರೂ ಬಿರುಕು ಬಿಡಬಹುದು. ಟಫನ್ಡ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತಡೆಯುತ್ತದೆ. ಆದರೆ ಒಮ್ಮೆ ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಅಳತೆ, ಮೂಲೆಯ ದುಂಡು, ಕಾಲಿನ ಬೋಲ್ಟ್‌ನ ತೂತು, ಅಂಚಿನ ಪಾಲಿಶ್, ಎಲ್ಲವೂ ಒಲೆಗೆ ಹೋಗುವ ಮೊದಲೇ ಮುಗಿದಿರಬೇಕು. ಅದಕ್ಕೆ ಮರದ ಅಥವಾ ಕಬ್ಬಿಣದ ಫ್ರೇಮ್ ಮೊದಲು ಪೂರ್ತಿ ಮಾಡಿಸಿ, ಆಮೇಲೆ ಅದರ ಮೇಲೆ ಅಳತೆ ತೆಗೆಸಿ. ನಾಲ್ಕೇ ಕಾಲಿನ ಮೇಲೆ ನಿಲ್ಲುವ ಟೇಬಲ್ ಆದರೆ 10 ಅಥವಾ 12 ಎಂಎಂ ಹಾಕಿಸಿ. ತೂಕವೂ ಗಮನದಲ್ಲಿರಲಿ. ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. ಒಂದೂವರೆ ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ 12 ಎಂಎಂ ಗಾಜು ಅಂದರೆ 40 ಕಿಲೋ ದಾಟುತ್ತದೆ. ಕಾಲು ಅದನ್ನು ಹೊರುವಂತಿರಬೇಕು ಅಲ್ವಾ?

ಶೆಲ್ಫ್ ವಿಷಯಕ್ಕೆ ಬಂದರೆ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಟಫನ್ಡ್ ಆದರೆ ಬಾಗುವುದಿಲ್ಲ ಅಂದುಕೊಳ್ಳುತ್ತಾರೆ. ಅದು ಮುರಿಯದೆ ಜಾಸ್ತಿ ತಡೆಯುತ್ತದೆ, ನಿಜ. ಆದರೆ ಅದೇ ದಪ್ಪದ ಪ್ಲೇನ್ ಗಾಜು ಎಷ್ಟು ಬಾಗುತ್ತದೋ ಅದೂ ಅಷ್ಟೇ ಬಾಗುತ್ತದೆ. ಬಾಗುವುದನ್ನು ತಡೆಯುವುದು ದಪ್ಪ, ಮತ್ತು ಆಸರೆಗಳ ನಡುವಿನ ದೂರ. 6 ಎಂಎಂ ಬದಲು 8 ಎಂಎಂ ಹಾಕಿದರೆ ಅದೇ ಭಾರಕ್ಕೆ ಬಾಗುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪುಸ್ತಕದ ಒಂದು ಮೀಟರ್ ಸಾಲು ಸುಲಭವಾಗಿ 20–30 ಕಿಲೋ ತೂಗುತ್ತದೆ. ನನ್ನನ್ನು ಕೇಳಿದರೆ ಪುಸ್ತಕಕ್ಕೆ ಗಾಜಿನ ಹಲಗೆ ಬೇಡವೇ ಬೇಡ, ಮರ ಹಾಕಿಸಿ. ಗಾಜೇ ಆಗಬೇಕು ಅಂದರೆ ಟಫನ್ಡ್ ಗಾಜನ್ನೇ ದಪ್ಪವಾಗಿ ಹಾಕಿಸಿ, ಆಸರೆಗಳನ್ನು ಹತ್ತಿರ ಹತ್ತಿರ ಕೊಡಿಸಿ. ಗೊಂಬೆ, ಕಪ್-ಸಾಸರ್ ಇಡುವ ಶೋಕೇಸ್‌ಗಾದರೆ ಇಷ್ಟೆಲ್ಲ ಬೇಕಿಲ್ಲ.

ಅಂಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಟಫನ್ಡ್ ಗಾಜಿನ ನಡುವೆ ಜೋರಾಗಿ ಗುದ್ದಿದರೂ ಏನೂ ಆಗದಿರಬಹುದು. ಅದೇ ಗಾಜಿನ ಮೂಲೆ ಟೈಲ್ಸ್ ನೆಲಕ್ಕೆ ಸ್ವಲ್ಪ ತಾಗಿದರೆ ಸಾಕು, ಇಡೀ ಹಲಗೆ ಒಂದೇ ಸಲ ಪುಡಿಯಾಗುತ್ತದೆ. ಇಳಿಸುವಾಗ ಕೆಳಗೆ ಮರದ ಪಟ್ಟಿ ಅಥವಾ ರಬ್ಬರ್ ಇರಲಿ. ಸ್ಕ್ರೂ, ಬೋಲ್ಟ್, ಹಿಂಜ್ ಯಾವುದೂ ನೇರವಾಗಿ ಗಾಜಿಗೆ ತಾಗಬಾರದು, ನಡುವೆ ನೈಲಾನ್ ಬುಷ್ ಅಥವಾ ರಬ್ಬರ್ ವಾಷರ್ ಬೇಕು. ಅಂಚನ್ನು ದುಂಡಗೆ ಉಜ್ಜುವ ಪೆನ್ಸಿಲ್ ಪಾಲಿಶ್ ಊಟದ ಟೇಬಲ್‌ಗೆ ನನ್ನ ಆಯ್ಕೆ. ಅಂಚನ್ನು ಓರೆಯಾಗಿ ಇಳಿಜಾರು ಮಾಡುವ ಬೆವೆಲ್ ನೋಡಲು ಚೆಂದವೇ, ಆದರೆ ಅಲ್ಲಿ ಅಂಚು ತೆಳುವಾಗುತ್ತದೆ, ಚಕ್ಕೆ ಏಳುವ ಭಯ ಹೆಚ್ಚು. ಅದು ಕನ್ನಡಿಗೆ ಸರಿ.

ಇನ್ನು ವಾರ್ಡ್‌ರೋಬ್. ಫ್ರಾಸ್ಟೆಡ್‌ನಲ್ಲಿ ಎರಡು ಬಗೆ. ಮರಳನ್ನು ರಭಸದಿಂದ ಊದಿ ಮೈ ಒರಟು ಮಾಡುವುದು ಸ್ಯಾಂಡ್‌ಬ್ಲಾಸ್ಟ್, ಆ್ಯಸಿಡ್‌ನಿಂದ ಮೈ ತಿನ್ನಿಸುವುದು ಆ್ಯಸಿಡ್ ಎಚ್ಡ್. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ. ಕೈಯಾಡಿಸಿ ನೋಡಿದರೆ ಗೊತ್ತಾಗುತ್ತದೆ: ಮೊದಲನೆಯದು ಗರಗರ, ಎರಡನೆಯದು ರೇಷ್ಮೆಯಂತೆ ನುಣುಪು. ಒಂದು ಬೆರಳಿಗೆ ಎಣ್ಣೆ ಹಚ್ಚಿ ಎರಡಕ್ಕೂ ಒತ್ತಿ, ಒರೆಸಿ ನೋಡಿ. ಸ್ಯಾಂಡ್‌ಬ್ಲಾಸ್ಟ್ ಮೇಲಿನ ಕಲೆ ಬೇಗ ಬಿಡುವುದಿಲ್ಲ, ಎಣ್ಣೆ ಆ ಸಣ್ಣ ಗುಂಡಿಗಳೊಳಗೆ ಇಳಿದಿರುತ್ತದೆ. ಆದ್ದರಿಂದ ದಿನಾ ಕೈ ತಾಗುವ ಬಾಗಿಲಿಗೆ ಆ್ಯಸಿಡ್ ಎಚ್ಡ್ ಒಳ್ಳೆಯದು. ಸ್ಯಾಂಡ್‌ಬ್ಲಾಸ್ಟೇ ಸಿಕ್ಕಿದರೆ ಒರಟು ಮೈಯನ್ನು ಒಳಗಡೆ ಮಾಡಿ ಕೂರಿಸಿ. ಇನ್ನೊಂದು, ಫ್ರಾಸ್ಟೆಡ್ ಹಾಕಿದರೆ ಒಳಗಿರುವುದೆಲ್ಲ ಮುಚ್ಚಿಹೋಗುತ್ತದೆ ಅಂದುಕೊಳ್ಳಬೇಡಿ. ಗಾಜಿನಿಂದ ಒಂದು ಗೇಣು ಹಿಂದಿರುವ ಬಟ್ಟೆ ಬರೀ ಮಸುಕಾಗಿ ಕಾಣುತ್ತದೆ. ಗಾಜಿಗೆ ತಾಗಿಕೊಂಡ ಬಟ್ಟೆಯ ಅಂಚು, ಬಣ್ಣ ಎಲ್ಲ ಸ್ಪಷ್ಟ. ಪೂರ್ತಿ ಮುಚ್ಚಬೇಕಿದ್ದರೆ ಹಿಂಬದಿಗೆ ಬಣ್ಣ ಬಳಿದ ಲ್ಯಾಕರ್ಡ್ ಗ್ಲಾಸ್ ತಗೊಳ್ಳಿ.

ಲ್ಯಾಕರ್ಡ್‌ನಲ್ಲಿ ಬಿಳಿ ಅಥವಾ ತಿಳಿ ಬಣ್ಣ ಬೇಕಿದ್ದರೆ ಎಕ್ಸ್‌ಟ್ರಾ ಕ್ಲಿಯರ್ ಗಾಜನ್ನೇ ಕೇಳಿ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಸಿರು ಛಾಯೆ ಇರುತ್ತದೆ, ಬಿಳಿ ಬಣ್ಣ ಅದರ ಹಿಂದೆ ಹಸಿರಾಗಿ ಕಾಣುತ್ತದೆ. ಅಂಗಡಿಯಲ್ಲಿ ಎರಡೂ ತುಂಡುಗಳನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಪ್ಪು, ಕಂದು ಬಣ್ಣಕ್ಕಾದರೆ ಆ ಹೆಚ್ಚಿನ ಖರ್ಚು ಬೇಡ. ಅಂಟಿಸುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಹತ್ತಿರವೂ ಸೇರಿಸಬೇಡಿ. ಅದರಿಂದ ಹೊರಡುವ ಆಮ್ಲ ಹಿಂಬದಿಯ ಬಣ್ಣವನ್ನೂ ಕನ್ನಡಿಯ ಬೆಳ್ಳಿ ಲೇಪವನ್ನೂ ಹಾಳು ಮಾಡುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತಲೇ ಕೇಳಿ ತನ್ನಿ.

ಗೆರೆ ಗೆರೆಯ ಫ್ಲೂಟೆಡ್ ಗಾಜೂ ಬಾಗಿಲಿಗೆ ಚೆನ್ನಾಗಿರುತ್ತದೆ. ಎರಡು ಬಾಗಿಲು ಅಕ್ಕಪಕ್ಕ ಬಂದಾಗ ಗೆರೆಗಳು ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಲು ಹೇಳಿ, ಅಷ್ಟೇ. ಬಾಗಿಲಿಗೆ ಕನ್ನಡಿ ಹಾಕಿಸುವುದಾದರೆ ಹಿಂಬದಿಗೆ ಸೇಫ್ಟಿ ಫಿಲ್ಮ್ ಅಂಟಿಸಿದ್ದನ್ನೇ ತಗೊಳ್ಳಿ, ಒಡೆದರೂ ಚೂರು ಅದಕ್ಕೇ ಅಂಟಿಕೊಂಡಿರುತ್ತದೆ. ಶೆಲ್ಫ್‌ನ ಉದ್ದ, ಅಗಲ, ಎರಡು ಆಸರೆಗಳ ನಡುವಿನ ದೂರ ಇಷ್ಟನ್ನು ಕೆಳಗೆ ಬರೆದರೆ ಎಷ್ಟು ದಪ್ಪದ್ದು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.