ಕನ್ನಡ ತಲೆಬರಹ, ತಲೆಬುಡವಿಲ್ಲದ ಲಿಂಕು

ಪ್ರಶ್ನೆ: ಬ್ಲಾಗರ್‌ನಲ್ಲಿ ನಾನು ಯಾವ ಕನ್ನಡ ತಲೆಬರಹ ಕೊಟ್ಟರೂ ಲಿಂಕಿನಲ್ಲಿ ಬರೀ ‘ಬ್ಲಾಗ್-ಪೋಸ್ಟ್’ ಅಂತ ಬರುತ್ತದೆ. ಗೆಳತಿಯ ಬ್ಲಾಗ್ ವರ್ಡ್‌ಪ್ರೆಸ್‌ನಲ್ಲಿದೆ. ಅವಳ ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಗುರುತುಗಳ ದೊಡ್ಡ ಸಾಲು. ನಾವು ಎಲ್ಲಿ ತಪ್ಪುತ್ತಿದ್ದೇವೆ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವಿಬ್ಬರೂ ಏನೂ ತಪ್ಪು ಮಾಡಿಲ್ಲ. ತಪ್ಪು ತಂತ್ರಾಂಶದ್ದು.

ತಲೆಬರಹದಿಂದ ಲಿಂಕು ಕಟ್ಟುವಾಗ ಬ್ಲಾಗರ್ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಇಟ್ಟುಕೊಂಡು ಕನ್ನಡವನ್ನು ಬಿಟ್ಟುಬಿಡುತ್ತದೆ. ಪೂರ್ತಿ ಕನ್ನಡದ ತಲೆಬರಹವಾದರೆ ಏನೂ ಉಳಿಯುವುದಿಲ್ಲ, ಆಗ ತಾನೇ ‘ಬ್ಲಾಗ್-ಪೋಸ್ಟ್’ ಅಂತ ಹಾಕಿ, ಮುಂದಿನವಕ್ಕೆ ಹಿಂದೊಂದು ಅಂಕಿ ಅಂಟಿಸುತ್ತದೆ. ಲಿಂಕು ನೋಡಿ ಬರಹ ಯಾವುದರ ಬಗ್ಗೆ ಅಂತ ಯಾರಿಗೂ ತಿಳಿಯುವುದಿಲ್ಲ.

ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಅದರ ಲೆಕ್ಕ ನೋಡಿ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ (ಅಕ್ಷರ, ಸ್ವರಚಿಹ್ನೆ, ಒತ್ತು ಎಲ್ಲ ಬೇರೆಬೇರೆ ಸಂಕೇತ) 3 ಬೈಟ್ ಜಾಗ ಬೇಕು, ಲಿಂಕಿನಲ್ಲಿ ಒಂದೊಂದು ಬೈಟನ್ನೂ ಶೇಕಡಾ ಗುರುತು ಸೇರಿ 3 ಅಕ್ಷರಗಳಲ್ಲಿ ಬರೆಯುತ್ತಾರೆ, ಅಂದರೆ ‘ಕ’ ಒಂದಕ್ಕೇ 9 ಆಯಿತು. ‘ಕರ್ನಾಟಕ’ದಲ್ಲಿ ಒತ್ತು, ದೀರ್ಘ ಎಲ್ಲ ಸೇರಿ 7 ಸಂಕೇತ, ಅಲ್ಲಿಗೆ 63! ತಲೆಬರಹದಿಂದ ಬರುವ ಲಿಂಕಿನ ಭಾಗ ಹೀಗೆ 200 ಅಕ್ಷರ ದಾಟಿದರೆ ವರ್ಡ್‌ಪ್ರೆಸ್ ಕತ್ತರಿ ಹಾಕುತ್ತದೆ. ಇಂಗ್ಲಿಷಿಗೆ ಅಷ್ಟು ಧಾರಾಳವಾಗಿ ಸಾಕು, ಕನ್ನಡಕ್ಕೆ ಸಿಗುವುದು 22 ಸಂಕೇತ ಮಾತ್ರ. ಆ ಕತ್ತರಿಗೆ ಪದ, ಗುಣಿತ ಯಾವುದೂ ಗೊತ್ತಿಲ್ಲ. ಹಾಗಾಗಿ ಕೊನೆಯ ಪದ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ‘ಕಿ’ ಇದ್ದದ್ದು ‘ಕ’ ಆಗಿಬಿಡುತ್ತದೆ.

ಇದಕ್ಕೆ ಮಾನದಂಡವೇ ಇಲ್ಲ ಅಂತಲ್ಲ. ವೆಬ್ ವಿಳಾಸ ಯಾವ ಲಿಪಿಯಲ್ಲಾದರೂ ಇರಬಹುದು ಅಂತ ಆರ್‌ಎಫ್‌ಸಿ 3987 ಎಂಬ ಇಂಟರ್ನೆಟ್ ಮಾನದಂಡ ಹೇಳಿದ್ದು 2005ರ ಜನವರಿಯಲ್ಲಿ. ಬ್ರೌಸರ್‌ಗಳು ವಿಳಾಸ ಬರೆಯುವ ಜಾಗದಲ್ಲಿ ಚೆನ್ನಾಗಿ ಕನ್ನಡ ತೋರಿಸುತ್ತವೆ, ಆದರೆ ಕಾಪಿ ಮಾಡಿದಾಗ ಹೆಚ್ಚಿನವು ಶೇಕಡಾ ರೂಪವನ್ನೇ ಕೊಡುತ್ತವೆ, ನಿಮ್ಮ ಗೆಳತಿಗೆ ಆಗುತ್ತಿರುವುದೂ ಅದೇ. ಮಾನದಂಡ ಬಂದು ಇಷ್ಟು ವರ್ಷವಾದ ಮೇಲೂ ಬ್ಲಾಗ್ ತಂತ್ರಾಂಶ ಕನ್ನಡವನ್ನು ಬಿಟ್ಟುಬಿಡುವುದು, ಇಲ್ಲವೇ ಅರ್ಧಕ್ಕೆ ಕತ್ತರಿಸುವುದು ನನಗಂತೂ ಒಪ್ಪಿತವಲ್ಲ. ಶೇಕಡಾ ರೂಪದ ಉದ್ದದ ಬದಲು ಕನ್ನಡದ ಅಕ್ಷರಗಳನ್ನೇ ಎಣಿಸಿದ್ದರೆ ಈ ತೊಂದರೆ ಎಷ್ಟೋ ಕಮ್ಮಿಯಾಗುತ್ತಿತ್ತು, ಅಲ್ವಾ?

ಸದ್ಯಕ್ಕೆ ಹೀಗೆ ಮಾಡಿ. ಬ್ಲಾಗರ್‌ನಲ್ಲಿ ಪ್ರಕಟಿಸುವ ಮೊದಲೇ ಬರಹದ ಲಿಂಕನ್ನು ನಾವೇ ಬರೆಯಬಹುದಾದ ‘ಪರ್ಮಾಲಿಂಕ್’ ಜಾಗ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆಯಿರಿ, ಅಲ್ಲಿ ಕನ್ನಡ ಹಿಡಿಸುವುದಿಲ್ಲ. ಗೆಳತಿ ವರ್ಡ್‌ಪ್ರೆಸ್‌ನ ‘ಸ್ಲಗ್’ (ಲಿಂಕಿನಲ್ಲಿ ಬರಹದ ಹೆಸರಿರುವ ಭಾಗ) ಜಾಗದಲ್ಲಿ ಚಿಕ್ಕದೊಂದು ಕನ್ನಡ ಪದವನ್ನೇ ಇಡಬಹುದು. ಹಳೆಯ ಬರಹಗಳ ಲಿಂಕನ್ನು ಮಾತ್ರ ಮುಟ್ಟಬೇಡಿ, ಯಾರೋ ಎಲ್ಲೋ ಅದನ್ನು ಹಂಚಿಕೊಂಡಿರುತ್ತಾರೆ.