ಲೊಕೇಶನ್ ಆಫ್ ಮಾಡಿದ ಮೇಲೂ ನಾವೆಲ್ಲಿದ್ದೇವೆ ಅಂತ ಹೇಗೆ ಗೊತ್ತಾಗುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಹೋದ ಸಲವೂ ಹಾಗೇ ಇತ್ತು. ಫೋನ್ ಕಂಪನಿಗಳು ಗುಟ್ಟಾಗಿ ಏನೋ ಚಿಪ್ ಹಾಕಿವೆ ಅಂತ ಯಾರೋ ಒಂದು ವಾಯ್ಸ್ ಮೆಸೇಜ್ ಹರಿಬಿಡುತ್ತಾರೆ, ಮಾರನೆಯ ದಿನದಿಂದ ನನಗೆ ಅದೇ ಪ್ರಶ್ನೆ ಶುರು. ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೆದರಬೇಕಾದ ವಿಷಯ ನಿಜವಾಗಿಯೂ ಇದೆ. ಆದರೆ ಇಲ್ಲದ ಚಿಪ್‌ಗೆ ಹೆದರುವವರೇ ಯಾವುದೋ ಟಾರ್ಚ್ ಆ್ಯಪ್‌ಗೆ ದಿನವಿಡೀ ಲೊಕೇಶನ್ ನೋಡಲು ಬಿಟ್ಟಿರುತ್ತಾರೆ. ನನಗೆ ಸಂಕಟವಾಗುವುದು ಅಲ್ಲಿ. ಸೆಟ್ಟಿಂಗ್ಸ್ ತೆರೆಯುವುದು ಹೇಗೆ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ, ಅದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಾನು ಲೊಕೇಶನ್ ಯಾವಾಗಲೂ ಆಫ್ ಇಟ್ಟಿರುತ್ತೇನೆ. ಆದರೂ ಬೇರೆ ಊರಿಗೆ ಹೋದ ತಕ್ಷಣ ಅಲ್ಲಿಯ ಹೋಟೆಲ್‌ಗಳ ಜಾಹೀರಾತು ಬರುತ್ತದೆ. ಹಾಗಾದರೆ ಆ ಬಟನ್ ಸುಮ್ನೆ ತೋರಿಕೆಗಾ? ಉಪಗ್ರಹ ನಮ್ಮನ್ನು ನೋಡುತ್ತಲೇ ಇರುತ್ತದಾ?

ಉತ್ತರ: ಮೊದಲು ಉಪಗ್ರಹದ ಮಾತು ಬಿಟ್ಟುಬಿಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಈಗ ಸಮಯ ಎಷ್ಟು, ತಾವು ಎಲ್ಲಿದ್ದೇವೆ ಅಂತ ಸಾರುತ್ತಾ ಹೋಗುವುದಷ್ಟೇ ಅವುಗಳ ಕೆಲಸ. ನಿಮ್ಮ ಫೋನ್ ಕನಿಷ್ಠ ನಾಲ್ಕು ಉಪಗ್ರಹಗಳ ಸಿಗ್ನಲ್ ಹಿಡಿದು, ಯಾವುದು ಎಷ್ಟು ತಡವಾಗಿ ಬಂತು ಅಂತ ನೋಡಿ, ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಫೋನಿನಿಂದ ಆ ಉಪಗ್ರಹಕ್ಕೆ ಏನೂ ಹೋಗುವುದಿಲ್ಲ. ರೇಡಿಯೊ ಯಾರ ಮನೆಯಲ್ಲಿ ಹಾಡುತ್ತಿದೆ ಅಂತ ರೇಡಿಯೊ ಸ್ಟೇಷನ್‌ಗೆ ಗೊತ್ತಿರುತ್ತದಾ? ಇದೂ ಹಾಗೇ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುವುದಿಲ್ಲ.

ಬಟನ್ ತೋರಿಕೆಯದ್ದೂ ಅಲ್ಲ. ಫೋನ್ ತನ್ನ ಲೆಕ್ಕವನ್ನು ಆ್ಯಪ್‌ಗಳಿಗೆ ಹೇಳುವುದನ್ನು ಅದು ನಿಲ್ಲಿಸುತ್ತದೆ. ಆದರೆ ನೀವೆಲ್ಲಿದ್ದೀರಿ ಅಂತ ತಿಳಿಯಲು ಬೇರೆ ದಾರಿಗಳಿವೆ, ಆ ದಾರಿಗಳು ಈ ಬಟನ್ ಮಾತು ಕೇಳುವುದಿಲ್ಲ.

ನಿಮಗೆ ಬಂದ ಜಾಹೀರಾತಿಗೆ ಕಾರಣ ಬಹುಪಾಲು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ನಂಬರ್. ನೀವು ಇಂಟರ್ನೆಟ್ ಬಳಸಿದಾಗಲೆಲ್ಲ ಎದುರಿನ ಸೈಟ್‌ಗೆ ಅದು ಕಾಣಲೇಬೇಕು, ಇಲ್ಲದಿದ್ದರೆ ಉತ್ತರ ಕಳಿಸುವುದೆಲ್ಲಿಗೆ? ಅದರಿಂದ ನಿಮ್ಮ ಮನೆ ಬಾಗಿಲು ಗೊತ್ತಾಗುವುದಿಲ್ಲ, ಊರು ಸಾಮಾನ್ಯವಾಗಿ ಗೊತ್ತಾಗುತ್ತದೆ. ಹೋಟೆಲ್ ಜಾಹೀರಾತಿಗೆ ಊರು ಗೊತ್ತಾದರೆ ಸಾಕು. ಹೊರಡುವ ಮೊದಲು ಆ ಊರಿನ ಬಗ್ಗೆ ನೀವೇ ಹುಡುಕಿಯೂ ಇರುತ್ತೀರಿ, ಅಲ್ವಾ?

ಎರಡನೆಯದು ಟವರ್. ಕರೆ ಬಂದರೆ ಯಾವ ಟವರ್‌ನಿಂದ ರಿಂಗ್ ಕೊಡಬೇಕು ಅಂತ ನಿಮ್ಮ ಸಿಮ್ ಕಂಪನಿಗೆ ಗೊತ್ತಿರಬೇಕು. ಹಾಗಾಗಿ ಸಿಗ್ನಲ್ ಇರುವಷ್ಟು ಹೊತ್ತೂ ನೀವು ಯಾವ ಭಾಗದಲ್ಲಿದ್ದೀರಿ ಅಂತ ಅವರಿಗೆ ಗೊತ್ತಿರುತ್ತದೆ. ಟವರ್ ಒತ್ತೊತ್ತಾಗಿರುವ ಕಡೆ ಕೆಲವು ನೂರು ಮೀಟರ್‌ಗಳ ಅಂದಾಜು, ವಿರಳವಾಗಿರುವ ಕಡೆ ಕೆಲವು ಕಿಲೋಮೀಟರ್. ಇದು ಮೊಬೈಲ್ ಹುಟ್ಟಿದಾಗಿನಿಂದಲೂ ಹೀಗೇ ಇದೆ, ಹಳೆಯ ಕೀಪ್ಯಾಡ್ ಫೋನಿಗೂ ಇದೇ ಕಥೆ. ಪ್ರಶ್ನೆ ಇರುವುದು ಆ ಮಾಹಿತಿಯನ್ನು ಅವರು ಏನು ಮಾಡುತ್ತಾರೆ ಅನ್ನುವುದರಲ್ಲಿ. ಅಮೆರಿಕದಲ್ಲಿ ದೊಡ್ಡ ಮೊಬೈಲ್ ಕಂಪನಿಗಳು ಗ್ರಾಹಕರ ಲೊಕೇಶನ್ನನ್ನು ಅವರ ಒಪ್ಪಿಗೆ ಇಲ್ಲದೆ ಮಧ್ಯವರ್ತಿಗಳ ಕೈಗೆ ಕೊಟ್ಟವು ಅಂತ ಅಲ್ಲಿಯ ಸಂವಹನ ಆಯೋಗ 2024ರ ಏಪ್ರಿಲ್‌ನಲ್ಲಿ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ಹಾಕಿತು. ಕಂಪನಿಗಳು ಅದನ್ನು ಒಪ್ಪದೆ ಕೋರ್ಟಿಗೆ ಹೋದವು. ಗುಟ್ಟಿನ ಚಿಪ್ ಅಂತೀರಲ್ಲ, ನೋಡಿ, ಇಲ್ಲಿ ಯಾವ ಚಿಪ್ಪೂ ಬೇಕಾಗಲಿಲ್ಲ.

ಮೂರನೆಯದು ಫೋನಿನ ಒಳಗಿನ ಸಾಫ್ಟ್‌ವೇರ್ ಮಾಡಿದವರು. ಇಲ್ಲಿ ನಿಮ್ಮ ಅನುಮಾನಕ್ಕೆ ಆಧಾರವಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. 2011ರಲ್ಲಿ ಐಫೋನ್‌ಗಳು ಸುತ್ತಲಿನ ಟವರ್ ಮತ್ತು ವೈಫೈಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಸುಮಾರು ಒಂದು ವರ್ಷದಷ್ಟು ಉಳಿಸಿಕೊಂಡಿದ್ದು ಬಯಲಾಯಿತು. ಆ್ಯಪಲ್ ಅದನ್ನು ತಪ್ಪು ಅಂತ ಒಪ್ಪಿ ಸರಿಪಡಿಸಿತು. 2017ರಲ್ಲಿ ಆಂಡ್ರಾಯ್ಡ್ ಫೋನ್‌ಗಳು ಲೊಕೇಶನ್ ಆಫ್ ಇದ್ದಾಗಲೂ ಹತ್ತಿರದ ಟವರ್‌ಗಳ ವಿವರವನ್ನು ಗೂಗಲ್‌ಗೆ ಕಳಿಸುತ್ತಿದ್ದದ್ದು ಗೊತ್ತಾಯಿತು, ಅದನ್ನು ನಿಲ್ಲಿಸುತ್ತೇವೆ ಅಂದರು. 2018ರಲ್ಲಿ ಇನ್ನೊಂದು. ನೀವು ಎಲ್ಲೆಲ್ಲಿ ಹೋದಿರಿ ಅಂತ ಗೂಗಲ್ ಇಟ್ಟುಕೊಳ್ಳುತ್ತಿದ್ದ 'ಲೊಕೇಶನ್ ಹಿಸ್ಟರಿ' ಆಫ್ ಮಾಡಿದರೂ 'ವೆಬ್ ಮತ್ತು ಆ್ಯಪ್ ಚಟುವಟಿಕೆ' ಅನ್ನುವ ಬೇರೊಂದು ಸೆಟ್ಟಿಂಗ್ ಕೆಳಗೆ ಜಾಗದ ದಾಖಲೆ ಉಳಿಯುತ್ತಿತ್ತು. ಈ ವಿಷಯದಲ್ಲಿ ಗೂಗಲ್ 2022ರಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ 39.15 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆಮೇಲೆ ಆ ಲೊಕೇಶನ್ ಹಿಸ್ಟರಿಯನ್ನು (ಈಗ ಅದರ ಹೆಸರು ಟೈಮ್‌ಲೈನ್) ತನ್ನ ಸರ್ವರ್‌ನಿಂದ ಬಳಕೆದಾರರ ಫೋನಿಗೇ ವರ್ಗಾಯಿಸುವ ಕೆಲಸ ಶುರು ಮಾಡಿತು. 'ವೆಬ್ ಮತ್ತು ಆ್ಯಪ್ ಚಟುವಟಿಕೆ' ಅನ್ನುವ ಆ ಎರಡನೆಯ ಸೆಟ್ಟಿಂಗ್ ಈಗಲೂ ಇದೆ. ಹೋಗಿ ನೋಡಿ. ಆಂಡ್ರಾಯ್ಡ್‌ನಲ್ಲಿ ವೈಫೈ ಸ್ಕ್ಯಾನಿಂಗ್ ಅಂತ ಒಂದು ಇರುತ್ತದೆ, ನೀವು ವೈಫೈ ಆಫ್ ಮಾಡಿದ ಮೇಲೂ ಜಾಗ ತಿಳಿಯಲು ಅದು ಸುತ್ತಲಿನ ರೂಟರ್‌ಗಳನ್ನು ಹುಡುಕುತ್ತಲೇ ಇರುತ್ತದೆ. ಅದನ್ನೂ ನೋಡಿ.

ನಾಲ್ಕನೆಯದು ಆ್ಯಪ್‌ಗಳು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೂತು ಇದೇ, ಜನ ಕೇಳುವುದೇ ಇಲ್ಲದ್ದೂ ಇದೇ. ಹವಾಮಾನದ ಆ್ಯಪ್, ಕೂಪನ್ ಆ್ಯಪ್, ಆಟದ ಆ್ಯಪ್, ಇವನ್ನು ಮಾಡುವವರಲ್ಲಿ ಎಷ್ಟೋ ಜನ ಜಾಹೀರಾತು ಕಂಪನಿಗಳು ಕೊಟ್ಟ ಕೋಡನ್ನು ಒಳಗೆ ಸೇರಿಸಿರುತ್ತಾರೆ. ನೀವು ಆ್ಯಪ್‌ಗೆ ಕೊಟ್ಟ ಅನುಮತಿ ಆ ಕೋಡಿಗೂ ಸಿಗುತ್ತದೆ. ಅಲ್ಲಿಂದ ಮಾಹಿತಿ ಡೇಟಾ ಮಾರುವವರ ಕೈಗೆ ಹೋಗುತ್ತದೆ. ಎಕ್ಸ್-ಮೋಡ್ ಅನ್ನುವ ಅಂಥದ್ದೇ ಒಂದು ಕಂಪನಿ ಆಸ್ಪತ್ರೆ, ಪ್ರಾರ್ಥನಾ ಮಂದಿರದಂಥ ಜಾಗಗಳಿಗೆ ಜನ ಹೋಗಿಬಂದ ವಿವರ ಮಾರದಂತೆ ಅಮೆರಿಕದ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ತಡೆ ಹಾಕಬೇಕಾಯಿತು.

'ಅದರಲ್ಲಿ ನನ್ನ ಹೆಸರು ಇರುವುದಿಲ್ಲವಲ್ಲ' ಅಂತ ಎಷ್ಟೋ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಸರು ಬೇಕಾಗಿಯೇ ಇಲ್ಲ. 2013ರಲ್ಲಿ ಸಂಶೋಧಕರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ಹಿಡಿದು ನೋಡಿದರು, ಹೆಸರು ತೆಗೆದ ದಾಖಲೆ. ಯಾವ ಹೊತ್ತಿಗೆ ಎಲ್ಲಿದ್ದರು ಅನ್ನುವ ಬರೀ ನಾಲ್ಕು ಮಾಹಿತಿ ಸಿಕ್ಕರೆ ಸಾಕು, 95% ಜನರನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸಬಹುದಿತ್ತು. ಯೋಚಿಸಿ ನೋಡಿ. ಫೋನ್ ರಾತ್ರಿ ಮಲಗುವ ಜಾಗ ನಿಮ್ಮ ಮನೆ, ಹಗಲು ಕೂರುವ ಜಾಗ ನಿಮ್ಮ ಕೆಲಸ. ಆ ಎರಡೂ ಜಾಗದಲ್ಲಿರುವ ಮನುಷ್ಯ ನೀವೊಬ್ಬರೇ.

ಹಾಗಾದರೆ ಏನು ಮಾಡಬೇಕು? ನಾನು ಮಾಡುವುದನ್ನು ಹೇಳುತ್ತೇನೆ. ಮುಖ್ಯ ಬಟನ್ ಆಫ್ ಮಾಡಿ ಕೂರುವುದಿಲ್ಲ. ಯಾವಾಗಲೂ ಆಫ್ ಇಡುವವರು ಟ್ಯಾಕ್ಸಿ ಕರೆಯಲು ಒಮ್ಮೆ ಆನ್ ಮಾಡುತ್ತಾರೆ, ಮರೆಯುತ್ತಾರೆ, ಅಷ್ಟು ಹೊತ್ತಿಗೆ ಅನುಮತಿ ಇರುವ ಎಲ್ಲ ಆ್ಯಪ್‌ಗಳೂ ಊಟಕ್ಕೆ ಕೂರುತ್ತವೆ. ಫೋನ್ ಕಳೆದಾಗಲೂ ಅದು ಆನ್ ಇದ್ದರೇ ಒಳ್ಳೆಯದು. ಅದರ ಬದಲು ಒಂದೊಂದೇ ಆ್ಯಪ್‌ನ ಅನುಮತಿ ನೋಡಿ. 'ಯಾವಾಗಲೂ' ಅನ್ನುವ ಅನುಮತಿ ನನ್ನ ಫೋನಿನಲ್ಲಿ ಕಳೆದ ಫೋನ್ ಹುಡುಕುವ ಸೌಲಭ್ಯ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ. ಮ್ಯಾಪ್‌ಗೆ 'ಬಳಸುವಾಗ ಮಾತ್ರ'. ಹವಾಮಾನಕ್ಕೆ ಅಂದಾಜು ಜಾಗ ಸಾಕು. ಈ ಅಂದಾಜು ಅನ್ನುವ ಆಯ್ಕೆ ಐಫೋನಿಗೆ 2020ರಲ್ಲಿ, ಆಂಡ್ರಾಯ್ಡ್‌ಗೆ 2021ರಲ್ಲಿ ಬಂತು. ಇಷ್ಟು ವರ್ಷವಾದರೂ ಅದನ್ನು ಒತ್ತಿದವರು ನನಗೆ ಸಿಗುವುದೇ ಅಪರೂಪ. ಮಳೆ ಬರುತ್ತದಾ ಅಂತ ಹೇಳಲು ನೀವು ಯಾವ ಕೋಣೆಯಲ್ಲಿದ್ದೀರಿ ಅಂತ ಯಾಕೆ ಬೇಕು? ಆಂಡ್ರಾಯ್ಡ್‌ನಲ್ಲಿ ಜಾಹೀರಾತು ಐಡಿ, ಅಂದರೆ ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ನಂಬರ್, ಅಳಿಸಿಬಿಡಿ. ಐಫೋನ್‌ನಲ್ಲಿ ಆ್ಯಪ್ 'ಟ್ರ್ಯಾಕ್ ಮಾಡಲಾ' ಅಂತ ಕೇಳಿದಾಗ ಬೇಡ ಅನ್ನಿ.

ಇಲ್ಲೊಂದು ಮಾತು. ಇಯರ್‌ಫೋನ್ ಆ್ಯಪ್ ಲೊಕೇಶನ್ ಕೇಳಿತು, ಇದು ಗೂಢಚಾರಿಕೆ ಅಂತ ಹಲವರು ಬರೆಯುತ್ತಾರೆ. ಆಂಡ್ರಾಯ್ಡ್ 11ರವರೆಗೂ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕೇಬೇಕಿತ್ತು, ಯಾಕೆಂದರೆ ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ನೋಡಿಯೂ ಜಾಗ ಊಹಿಸಬಹುದು. ಆಂಡ್ರಾಯ್ಡ್ 12ರಿಂದ ಅದಕ್ಕೆ ಬೇರೆಯದೇ ಅನುಮತಿ ಇದೆ. ಹೊಸ ಫೋನಿನಲ್ಲೂ ಇಯರ್‌ಫೋನ್ ಆ್ಯಪ್ ಲೊಕೇಶನ್ ಕೇಳಿದರೆ ಕೊಡಬೇಡಿ. ಕೊಡದಿದ್ದರೂ ಹಾಡು ಕೇಳುತ್ತದೆ.

ಪ್ರಶ್ನೆ: ಬ್ಯಾಟರಿ ತೆಗೆಯಲು ಬಾರದ ಹಾಗೆ ಫೋನ್ ಮಾಡುವುದು, ಆಫ್ ಆದಾಗಲೂ ನಮ್ಮನ್ನು ಹಿಡಿಯಲಿ ಅಂತಲೇ ಅಂತೆ. ನಿಜವಾ?

ಉತ್ತರ: ಇಲ್ಲ. ತೆಳ್ಳಗೆ ಮಾಡಲು, ನೀರು ಒಳಗೆ ಹೋಗದಂತೆ ಅಂಟು ಹಾಕಲು, ದೊಡ್ಡ ಬ್ಯಾಟರಿ ತುಂಬಲು ಹಾಗೆ ಮಾಡಿದರು. ಆದರೆ ಗಾಳಿಸುದ್ದಿಯ ಒಳಗೆ ಒಂದು ಕಾಳು ನಿಜವಿದೆ. 2021ರಲ್ಲಿ ಬಂದ ಐಒಎಸ್ 15 ಅನ್ನುವ ಐಫೋನ್ ಸಾಫ್ಟ್‌ವೇರ್‌ನಿಂದ ಕೆಲವು ಐಫೋನ್‌ಗಳು ಸ್ವಿಚ್ ಆಫ್ ಆದ ಮೇಲೂ ಸ್ವಲ್ಪ ಕಾಲ ಬ್ಲೂಟೂತ್‌ನಲ್ಲಿ ಸಣ್ಣ ಸಿಗ್ನಲ್ ಬಿಡುತ್ತವೆ, ಕಳೆದರೆ ಮಾಲೀಕರಿಗೆ ಸಿಗಲಿ ಅಂತ. ಈಗ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೆ. ಇದು ಗುಟ್ಟೇನಲ್ಲ. ಐಫೋನ್ ಆಫ್ ಮಾಡುವ ಪರದೆಯ ಮೇಲೇ ಬರೆದಿರುತ್ತದೆ, ಬೇಡವಾದರೆ ಅಲ್ಲೇ ನಿಲ್ಲಿಸಬಹುದು. ನಾನು ನಿಲ್ಲಿಸಿಲ್ಲ.

ಪ್ರಶ್ನೆ: ಇ-ಸಿಮ್ ಹಾಕಿಸಿಕೊಂಡರೆ ಟ್ರ್ಯಾಕಿಂಗ್ ಜಾಸ್ತಿನಾ?

ಉತ್ತರ: ಮಾಮೂಲಿ ಸಿಮ್‌ನಷ್ಟೇ.

ಪ್ರಶ್ನೆ: ಫೋನಿಗೆ ಫಾಯಿಲ್ ಸುತ್ತಿದರೆ, ಇಲ್ಲಾ ಹಿಂದೆ ಸ್ಟಿಕ್ಕರ್ ಅಂಟಿಸಿದರೆ ತಪ್ಪುತ್ತದಾ?

ಉತ್ತರ: ಸ್ಟಿಕ್ಕರ್ ಮಾರುವವರು ಮೋಸಗಾರರು, ಫಾಯಿಲ್ ಸಡಿಲವಾದರೆ ಫೋನ್ ಟವರ್ ಹುಡುಕಿ ಹುಡುಕಿ ಬ್ಯಾಟರಿ ಮುಗಿಸುತ್ತದೆ.

ಪ್ರಶ್ನೆ: ವಿಪಿಎನ್ ಹಾಕಿದ್ದೇನೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?

ಉತ್ತರ: ವಿಪಿಎನ್ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಬ್ಬರ ಸರ್ವರ್ ಮೂಲಕ ಕಳಿಸುತ್ತದೆ, ಹಾಗಾಗಿ ಸೈಟ್‌ಗಳಿಗೆ ನಿಮ್ಮ ಐಪಿ ವಿಳಾಸ ಮರೆಯಾಗುತ್ತದೆ. ಆದರೆ ನೀವೆಲ್ಲಿದ್ದೀರಿ ಅಂತ ಟವರ್‌ಗೂ ಗೊತ್ತು, ಲೊಕೇಶನ್ ಅನುಮತಿ ಇರುವ ಆ್ಯಪ್‌ಗೂ ಗೊತ್ತು. ನಿಮ್ಮ ಐಪಿ ವಿಳಾಸ ವಿಪಿಎನ್ ನಡೆಸುವವರಿಗೂ ಗೊತ್ತು, ಪುಕ್ಕಟೆಯದ್ದಾದರೂ ದುಡ್ಡಿನದ್ದಾದರೂ.

ಪ್ರಶ್ನೆ: ಫೋಟೊ ಕಳಿಸಿದರೆ ಮನೆಯ ಜಾಗ ತಿಳಿಯುತ್ತದಾ?

ಉತ್ತರ: ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ಫೋಟೊದ ಫೈಲಿನಲ್ಲಿ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಹೋಗುತ್ತದೆ, ಡಾಕ್ಯುಮೆಂಟ್ ಆಗಿಯೋ ಇಮೇಲ್‌ನಲ್ಲೋ ಕಳಿಸಿದರೆ ಉಳಿಯುತ್ತದೆ. ಮಕ್ಕಳ ಫೋಟೊ ಕಳಿಸುವವರು ಇದನ್ನು ನೆನಪಿಡಿ.

ಪ್ರಶ್ನೆ: ನಂಬರ್ ಹಾಕಿದರೆ ಆ ಮನುಷ್ಯ ಎಲ್ಲಿದ್ದಾನೆ ಅಂತ ತೋರಿಸುವ ಆ್ಯಪ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಬರೀ ನಂಬರ್‌ನಿಂದ ಇನ್ನೊಬ್ಬರ ಜಾಗ ಒಂದು ಆ್ಯಪ್‌ಗೆ ತಿಳಿಯುವುದಿಲ್ಲ. ನಂಬರ್ ಯಾವ ವಲಯದ್ದು ಅಂತ ತೋರಿಸಿ, ಮ್ಯಾಪ್ ಮೇಲೆ ಸುಳ್ಳು ಚುಕ್ಕಿ ಇಟ್ಟು, ನಿಮ್ಮ ದುಡ್ಡು, ನಿಮ್ಮ ಕಾಂಟ್ಯಾಕ್ಟ್ಸ್, ನಿಮ್ಮದೇ ಲೊಕೇಶನ್ ಬಾಚಿಕೊಳ್ಳುತ್ತಾರೆ. ಇಂಥ ಆ್ಯಪ್ ಹಾಕಿಕೊಂಡಿದ್ದರೆ ಈಗಲೇ ತೆಗೆಯಿರಿ. ಇನ್ನೊಬ್ಬರನ್ನು ಅವರಿಗೆ ಗೊತ್ತಿಲ್ಲದೆ ಹಿಂಬಾಲಿಸಲು ನನ್ನ ಸಹಾಯ ಕೇಳಬೇಡಿ, ಕಾರಣ ಏನೇ ಇರಲಿ.

ಪ್ರಶ್ನೆ: ನಾನು ಎಲ್ಲಿ ಹೋದರೂ ನನ್ನ ಗಂಡನಿಗೆ ಗೊತ್ತಾಗುತ್ತದೆ. ಫೋನ್ ಹ್ಯಾಕ್ ಆಗಿದೆ ಅಂತ ರಿಪೇರಿಯವರು ಹೇಳಿದರು. ಹೊಸ ಫೋನ್ ಕೊಳ್ಳಬೇಕಾ?

ಉತ್ತರ: ಅಮ್ಮಾ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಇಂಥದ್ದೇ ತೊಂದರೆಯಲ್ಲಿ ಒಬ್ಬರು ನನ್ನ ಹತ್ತಿರ ಬಂದಿದ್ದರು. ಯಾರೋ 'ವೈರಸ್ ತೆಗೆಯುತ್ತೇನೆ' ಅಂತ ಅವರಿಂದ ಎರಡು ಸಲ ದುಡ್ಡು ತೆಗೆದುಕೊಂಡಿದ್ದ. ನೋಡಿದರೆ ಹ್ಯಾಕೂ ಇಲ್ಲ, ವೈರಸ್ಸೂ ಇಲ್ಲ. ಮ್ಯಾಪ್ ಆ್ಯಪ್‌ನಲ್ಲಿ ಲೊಕೇಶನ್ ಶೇರಿಂಗ್ ಮನೆಯವರೊಬ್ಬರ ಹೆಸರಿಗೆ ಆನ್ ಆಗಿತ್ತು, ಯಾವತ್ತೋ ಅವರ ಫೋನ್ ಕೈಗೆ ತೆಗೆದುಕೊಂಡು ಮಾಡಿದ್ದು. ಬಹಳಷ್ಟು ಸಲ ಹೀಗೇ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಗೆ ಇನ್ನೊಂದು ಫೋನಿನಿಂದ ಲಾಗಿನ್ ಆಗಿರುತ್ತದೆ. ಪರ್ಸಿನಲ್ಲೋ ಗಾಡಿಯಲ್ಲೋ ಕಳೆದ ವಸ್ತು ಹುಡುಕಲು ಬಳಸುವ ಏರ್‌ಟ್ಯಾಗ್ ಥರದ ಪುಟ್ಟ ಸಾಧನವೂ ಇರಬಹುದು. 2024ರ ಮೇ ತಿಂಗಳಿಂದ ಐಫೋನ್, ಆಂಡ್ರಾಯ್ಡ್ ಎರಡೂ ಅಂಥದ್ದು ಜೊತೆಗೆ ಬರುತ್ತಿದ್ದರೆ ಎಚ್ಚರಿಕೆ ಕೊಡುತ್ತವೆ, ಆ ಸಂದೇಶ ಬಂದರೆ ಪಕ್ಕಕ್ಕೆ ತಳ್ಳಬೇಡಿ. ಐಫೋನ್ ಆದರೆ 'ಸೇಫ್ಟಿ ಚೆಕ್' ಅನ್ನುವಲ್ಲಿ ಯಾರಿಗೆ ಏನು ಕಾಣುತ್ತಿದೆ ಅಂತ ಒಂದೇ ಕಡೆ ಸಿಗುತ್ತದೆ.

ಆದರೆ ನೋಡಿದ ಕೂಡಲೇ ಆಫ್ ಮಾಡಬೇಡಿ. ಇಲ್ಲಿ ನಾನು ಬೇಕಂತಲೇ ಜಾಸ್ತಿ ಎಚ್ಚರ ವಹಿಸುತ್ತೇನೆ. ನೀವು ನಿಲ್ಲಿಸಿದ್ದು ಆ ಕಡೆಯವರಿಗೆ ತಕ್ಷಣ ಗೊತ್ತಾಗಬಹುದು, ಅವರಿಗೆ ಸಿಟ್ಟು ಬಂದರೆ ನಿಮಗೆ ಅಪಾಯವಿದೆಯಾ ಅಂತ ಮೊದಲು ಯೋಚಿಸಿ. ಸ್ವಲ್ಪ ಅನುಮಾನವಿದ್ದರೂ ಇದ್ದದ್ದನ್ನು ಹಾಗೇ ಬಿಡಿ, ಫೋನನ್ನು ಮನೆಯಲ್ಲೋ ಯಾವಾಗಲೂ ಇರುವ ಜಾಗದಲ್ಲೋ ಇಡಿ. ನಿಮಗೆ ನಂಬಿಕೆ ಇರುವ ಒಬ್ಬರ ಹತ್ತಿರ ಹೋಗಿ, ಮಹಿಳಾ ಸಹಾಯವಾಣಿಗೆ ಅವರ ಫೋನಿನಿಂದ ಕರೆ ಮಾಡಿ. ನಿಮ್ಮದರಿಂದ ಬೇಡ.