ಸುಳ್ಳು ಸಿಗ್ನಲ್ಲಿಗೆ ಗಾಡಿ ಮೋಸಹೋಗುತ್ತದೆಯೇ?

ಪ್ರಶ್ನೆ: ಚಾಲಕನಿಲ್ಲದೆ ಓಡುವ ಪುಟ್ಟ ಗಾಡಿಯನ್ನು ಕಾಲೇಜಿನ ಪ್ರಾಜೆಕ್ಟಿಗೆ ಮಾಡಿದ್ದೇವೆ. ಸುಳ್ಳು ಜಿಪಿಎಸ್ ಸಿಗ್ನಲ್ಲನ್ನು ಅದು ನಂಬುತ್ತದೋ ಹೇಗೆ ಎಂದು ನೋಡಬೇಕು. ಎಸ್‌ಡಿಆರ್ ಬೋರ್ಡ್ (ಸಾಫ್ಟ್‌ವೇರ್ ಮೂಲಕ ಬೇಕಾದ ರೇಡಿಯೊ ಸಿಗ್ನಲ್ ಹೊರಡಿಸುವ ಸಾಧನ) ಇದೆ. ಮೈದಾನದಲ್ಲಿ ಮಾಡಬಹುದೇ?
— ವಿದ್ಯಾರ್ಥಿ, ಕಾರವಾರ

ಉತ್ತರ: ಮೈದಾನದಲ್ಲಿ ಬೇಡವೇ ಬೇಡ. ಪರವಾನಗಿ ಇಲ್ಲದೆ ಆ ತರಂಗಾಂತರದಲ್ಲಿ ಪ್ರಸಾರ ಮಾಡುವುದು ಅಪರಾಧ. ಸಾಲದ್ದಕ್ಕೆ ನಿಮ್ಮ ಪಕ್ಕದಲ್ಲೇ ನೌಕಾನೆಲೆ, ಕಡಲಲ್ಲಿ ಜಿಪಿಎಸ್ ನಂಬಿ ದಡಕ್ಕೆ ಬರುವ ಬೋಟುಗಳು. ಆಂಟೆನಾ ಬಿಚ್ಚಿಟ್ಟು, ಬೋರ್ಡನ್ನು ಗಾಡಿಯ ಜಿಪಿಎಸ್ ರಿಸೀವರಿಗೆ ಕೇಬಲ್ಲಿನಲ್ಲೇ ಜೋಡಿಸಿ ಮಾಡಿ.

ಉಪಗ್ರಹ ಇರುವುದು 20,200 ಕಿ.ಮೀ. ಮೇಲೆ. 1575.42 ಮೆಗಾಹರ್ಟ್ಸಿನ ಅದರ ಸಿಗ್ನಲ್ ನೆಲ ಮುಟ್ಟುವಾಗ ಮೈನಸ್ 130 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಹೆಚ್ಚಿದಷ್ಟೂ ದುರ್ಬಲ) ಆಸುಪಾಸು. ನಿಮ್ಮ ಬೋರ್ಡಿನಿಂದ ಮೈನಸ್ 20 ಹೊರಟರೂ ನಡುವೆ 110 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಬಲ ಕುಗ್ಗಿಸುವ ಭಾಗ) ಬೇಕು. ಅಲ್ಲಿಂದ ಶುರುಮಾಡಿ, ರಿಸೀವರ್ ಸಿಗ್ನಲ್ ಹಿಡಿಯುವ ತನಕ ಅಟೆನ್ಯುಯೇಟರನ್ನು 5 ಡಿಬಿಯಂತೆ ಇಳಿಸಿ. ರಿಸೀವರ್ ಕಡೆ ಡಿಸಿ ಬ್ಲಾಕ್ (ಸಿಗ್ನಲ್ ಬಿಟ್ಟು ವಿದ್ಯುತ್ತನ್ನು ತಡೆಯುವ ಭಾಗ) ಮರೆಯಬೇಡಿ. ಆಂಟೆನಾಕ್ಕೆಂದು ರಿಸೀವರ್ 3ರಿಂದ 5 ವೋಲ್ಟ್ ಹೊರಬಿಡುತ್ತದೆ, ಬೋರ್ಡಿಗೆ ಪೆಟ್ಟು.

ಹೆಚ್ಚಿನವರು ಎಡವುವುದು ಸೋರಿಕೆಯಲ್ಲಿ. ಕೇಬಲ್ ಕಳಚಿ ನೋಡಿ. ಆಗಲೂ ರಿಸೀವರ್ ಸುಳ್ಳು ಜಾಗ ತೋರಿಸಿದರೆ ಬೋರ್ಡಿನ ಮೈಯಿಂದಲೇ ಸಿಗ್ನಲ್ ಹೊರಬೀಳುತ್ತಿದೆ ಎಂದರ್ಥ. ಬೋರ್ಡನ್ನು ಲೋಹದ ಪೆಟ್ಟಿಗೆಗೆ ಹಾಕದೆ ಮುಂದೆ ಹೋಗಬೇಡಿ. ನಮ್ಮ ಉಪ್ಪುಗಾಳಿಗೆ ಎಸ್‌ಎಂಎ ಕನೆಕ್ಟರ್ (ಕೇಬಲ್ ಸೇರಿಸುವ ತಿರುಪಿನ ಲೋಹದ ತುದಿ) ಒಂದೇ ಮಳೆಗಾಲದಲ್ಲಿ ಕಪ್ಪಾಗಬಹುದು, ಅಳತೆ ದಿನಕ್ಕೊಂದು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿಡಿ.

ಇನ್ನು ಪರೀಕ್ಷೆ. ಸುಳ್ಳು ಜಾಗವನ್ನು ಒಮ್ಮೆಲೇ 500 ಮೀಟರ್ ಜಿಗಿಸಿದರೆ ಸಾಧಾರಣ ಫಿಲ್ಟರ್ (ಸೆನ್ಸರ್ ಅಳತೆಗಳನ್ನು ತಾಳೆನೋಡಿ ಜಾಗ ಲೆಕ್ಕಹಾಕುವ ಪ್ರೋಗ್ರಾಂ) ಕೂಡ ಅದನ್ನು ತಳ್ಳಿಹಾಕುತ್ತದೆ; ಅದನ್ನು ಕಂಡು ಹಿಗ್ಗಬೇಡಿ. ಸೆಕೆಂಡಿಗೆ 0.2 ಮೀಟರಿನಂತೆ ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಹದಿನೇಳು ಹದಿನೆಂಟು ಸೆಕೆಂಡಿನಲ್ಲಿ 3.5 ಮೀಟರ್, ಅಂದರೆ ಗಾಡಿ ಒಂದು ಲೇನ್ ಆಚೆ. ಚಕ್ರದ ಎಣಿಕೆ, ಗೈರೋ (ತಿರುವು ಅಳೆಯುವ ಸೆನ್ಸರ್), ಜಿಪಿಎಸ್ ಮೂರನ್ನೂ ಒಂದೇ ಗಡಿಯಾರಕ್ಕೆ ದಾಖಲಿಸಿ, ಎಷ್ಟನೇ ಸೆಕೆಂಡಿಗೆ ಗಾಡಿಗೆ ಅನುಮಾನ ಬಂತು ನೋಡಿ. ಕಾರವಾರ–ಬಿಣಗಾ ಸುರಂಗದಿಂದ ಹೊರಬರುವಂತೆ ಸಿಗ್ನಲ್ ಒಂದು ನಿಮಿಷ ಕಡಿದು ಮತ್ತೆ ಕೊಡುವ ಪರೀಕ್ಷೆಯೂ ಇರಲಿ. ಹೊಸದಾಗಿ ಹುಡುಕುವಾಗಲೇ ರಿಸೀವರ್ ಸುಲಭವಾಗಿ ಮೋಸಹೋಗುವುದು.

ಪ್ರಶ್ನೆ: ಬಟನ್ ಒತ್ತದೆ ತೆರೆಯುವ ಕಾರಿನ ಕೀಯನ್ನು ಜಗುಲಿಯ ಮೊಳೆಗೆ ತೂಗುಹಾಕುತ್ತೇವೆ. ಸಿಗ್ನಲ್ ಕದಿಯುತ್ತಾರಂತೆ, ಹೌದೇ?
— ಓದುಗರು, ಶಿರಸಿ

ಉತ್ತರ: ಹೌದು. ಕಾರು 125 ಕಿಲೋಹರ್ಟ್ಸಿನಲ್ಲಿ ಕೂಗುತ್ತದೆ, ಕೀ ಓಗೊಡುತ್ತದೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಜಗುಲಿ ಹತ್ತಿರ ನಿಂತು ಆ ಕೂಗನ್ನು ದಾಟಿಸಿದರೆ ಬಾಗಿಲು ತೆರೆಯುತ್ತದೆ. ಗುಪ್ತಲಿಪಿ ಒಡೆಯುವ ಕೆಲಸವೇ ಇಲ್ಲ. ಸಿಗ್ನಲ್ ತಡೆಯುವ ಚೀಲ ತಂದರೆ ಕೀ ಒಳಗಿಟ್ಟು, ಹಿಡಿಕೆಗೆ ತಾಗಿಸಿಯೇ ಬಾಗಿಲು ಎಳೆದು ನೋಡಿ. ಅದಕ್ಕೂ ಮೊದಲು ಕೀ ಅಲ್ಲಾಡಿಸಿ: ಕೆಲವು ಕೀಗಳು ಅಲುಗದಿದ್ದರೆ ನಿದ್ದೆಹೋಗುತ್ತವೆ, ಚೀಲವೇ ತಡೆಯಿತೆಂದು ನಾವು ಅಂದುಕೊಳ್ಳುತ್ತೇವೆ. ಮಡಿಕೆ ಸವೆದಂತೆ ಚೀಲ ಕೆಡುತ್ತದೆ, ಆಗಾಗ ಪರೀಕ್ಷಿಸಿ. ಬೀರುವಿನಲ್ಲಿರುವ ಎರಡನೇ ಕೀಗೂ ಚೀಲ ಬೇಕು.

ಪ್ರಶ್ನೆ: ಗಾಡಿಗಳು ಪರಸ್ಪರ ಕಳಿಸುವ ಸಂದೇಶಕ್ಕೆ ಡಿಜಿಟಲ್ ಸಹಿ ಇದೆಯಲ್ಲ, ಮತ್ತೇಕೆ ಭಯ?
— ಓದುಗರು, ಕುಮಟಾ

ಉತ್ತರ: ಸಹಿ ಹೇಳುವುದು ಯಾರು ಕಳಿಸಿದರು, ದಾರಿಯಲ್ಲಿ ಸಂದೇಶ ಬದಲಾಗಿಲ್ಲ ಎಂದು ಮಾತ್ರ; ಹೇಳಿದ್ದು ನಿಜ ಎಂದಲ್ಲ. ದೇವಿಮನೆ ಘಟ್ಟದ ತಿರುವಿನಾಚೆ ಲಾರಿ ನಿಂತಿದೆ ಎಂದು ಸಹಿಯುಳ್ಳ ಗಾಡಿಯೇ ಸುಳ್ಳು ಹೇಳಬಹುದು. ಕ್ಯಾಮೆರಾ, ರಾಡಾರ್ ಎರಡಕ್ಕೂ ಕಾಣದ ಲಾರಿಗೆ ವೇಗ ತಗ್ಗಿಸಿದರೆ ಸರಿ, ಗಕ್ಕನೆ ಬ್ರೇಕ್ ಹಾಕಿದರೆ ಪರೀಕ್ಷೆಯಲ್ಲಿ ನಪಾಸು. ಹಳೆಯ ಸಂದೇಶವನ್ನೇ ಮತ್ತೆ ಕಳಿಸುವುದು, ಅವಧಿ ಮುಗಿದ ಪ್ರಮಾಣಪತ್ರ (ಗಾಡಿಯ ಸಹಿಯನ್ನು ನಂಬಬಹುದು ಎನ್ನುವ ಡಿಜಿಟಲ್ ಗುರುತು) ಬಳಸುವುದು ಇವೂ ಪರೀಕ್ಷೆಯ ಪಟ್ಟಿಯಲ್ಲಿರಬೇಕು. ಒಂದೊಂದು ಗಾಡಿ ಸೆಕೆಂಡಿಗೆ 10 ಸಂದೇಶ ಕಳಿಸುವುದರಿಂದ ಸುತ್ತ 100 ಗಾಡಿ ಇದ್ದರೆ ಸೆಕೆಂಡಿಗೆ 1,000 ಸಹಿ ತಾಳೆನೋಡಬೇಕು. ಆ ಒತ್ತಡದಲ್ಲಿ ಗಾಡಿ ಸಹಿ ನೋಡದೆಯೇ ಸಂದೇಶ ಒಳಬಿಡುತ್ತದೆಯೇ ಎಂಬುದನ್ನೇ ಮೊದಲು ಪರೀಕ್ಷಿಸಬೇಕು.